ಗಾಜಿನ ಸೀಸೆ ಎಂಬ ಆಕರ: ಗೋಲಿ ಸೋಡಾದ ಚರಿತ್ರೆ

ಕರ್ನಾಟಕದ ಇತಿಹಾಸ ಸಂಶೋಧನೆ ಬಹುಮಟ್ಟಿಗೆ ಅಕ್ಷರವನ್ನು ನಂಬಿ ಬೆಳೆದುಬಂದಿದೆ. ಶಿಲಾಶಾಸನ, ತಾಮ್ರಪಟ, ತಾಳೆಗರಿ, ಕಡತ, ಕೈಫಿಯತ್ತು, ಬಖೈರು ಇವು ಅದರ ಮುಖ್ಯ ಆಕರಗಳು. ಅಕ್ಷರವಿಲ್ಲದ ವಸ್ತುಗಳಲ್ಲಿ ಮೂರ್ತಿಗೆ, ಮಡಕೆಯ ಚೂರಿಗೆ, ಮಣಿಗಳಿಗೆ ಕಾಲಕ್ರಮದಲ್ಲಿ ಆಕರದ ಮನ್ನಣೆ ದೊರೆಯಿತು. ಆದರೆ ನೂರು ವರ್ಷ ಹಳೆಯದಾದ ಗಾಜಿನ ಸೀಸೆಯೊಂದನ್ನು ಆಕರವೆಂದು ಕರೆಯಲು ಈಗಲೂ ಹಿಂಜರಿಕೆಯುಂಟು. ಅದರ ಸ್ಥಾನ ಗುಜರಿ ಅಂಗಡಿಯ ಮೂಲೆ. ಅದರ ಬೆಲೆ ತೂಕದ ಲೆಕ್ಕ. ಈಚಿನ ದಶಕಗಳಲ್ಲಿ ಹಳೆಯ ವಸ್ತುಗಳ ಸಂಗ್ರಹದ ಹವ್ಯಾಸ ಬೆಳೆದ ಮೇಲೆ ಕೆಲವು ಸೀಸೆಗಳಿಗೆ ಬೇರೊಂದು ಗತಿ ಒದಗಿದೆ. ಅವು ತೊಳೆಸಿಕೊಂಡು, ಹೊಳಪು ಪಡೆದು, ಹೋಟೆಲಿನ ಗೋಡೆಯ ಗೂಡನ್ನೋ ಮನೆಯ ಗಾಜಿನ ಬೀರುವನ್ನೋ ಸೇರುತ್ತಿವೆ. ಕುಲುಮೆಗೆ ಹೋದ ಸೀಸೆ ಕರಗಿ ಹೋಗುತ್ತದೆ. ಬೀರು ಸೇರಿದ ಸೀಸೆ ಉಳಿಯುತ್ತದೆ. ಆದರೆ ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂಬ ವಿವರ ಎರಡು ಸಂದರ್ಭಗಳಲ್ಲಿಯೂ ಇಲ್ಲವಾಗುತ್ತದೆ. ಈ ನಷ್ಟದ ಸ್ವರೂಪವನ್ನು ತಿಳಿಯಲು ಕನ್ನಡ ನಾಡಿನ ಸಂತೆ ಜಾತ್ರೆಗಳಲ್ಲೆಲ್ಲ ಪರಿಚಿತವಾಗಿದ್ದ ಗೋಲಿ ಸೋಡಾದ ಸೀಸೆಗಿಂತ ಉತ್ತಮವಾದ ನಿದರ್ಶನ ಇನ್ನೊಂದಿಲ್ಲ.

ಮೊದಲು ಮಾತಿನ ಸಾಕ್ಷ್ಯವನ್ನು ನೋಡಬಹುದು. 'ಗಾಜು' ಸಂಸ್ಕೃತದ 'ಕಾಚ' ಶಬ್ದದ ತದ್ಭವ. ಕನ್ನಡದಲ್ಲಿ ಬಹಳ ಹಳೆಯದು. ಆದರೆ ಗಾಜಿನ ಪಾತ್ರೆಯನ್ನು ಹೇಳುವ ಮಾತುಗಳ ಕಥೆ ಬೇರೆ. 'ಸೀಸೆ' ಪಾರಸಿಯ 'ಶೀಶಾ' ಎಂಬುದರಿಂದ ಬಂದದ್ದು. 'ಬಾಟಲಿ' ಯುರೋಪಿನ ಭಾಷೆಗಳ ಕೊಡುಗೆ. ಕರಾವಳಿಯಲ್ಲಿ 'ಕುಪ್ಪಿ' ಎನ್ನುತ್ತಾರೆ. ಗಿಡ್ಡ ಸೀಸೆಗೆ 'ಬುಡ್ಡಿ' ಎಂಬ ಹೆಸರುಂಟು. ಗಾಜಿಗೆ ಹಳೆಯ ಹೆಸರಿದ್ದೂ ಗಾಜಿನ ಪಾತ್ರೆಗೆ ಹೊರಗಿನ ಹೆಸರುಗಳೇ ಬಳಕೆಯಲ್ಲಿ ನಿಂತದ್ದು ಗಮನಾರ್ಹ. ನಾಡಿನ ಗಾಜಿನ ಕಸುಬು ಏನನ್ನು ತಯಾರಿಸುತ್ತಿತ್ತು ಎಂಬುದಕ್ಕೂ ಇದಕ್ಕೂ ಸಂಬಂಧವಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಕುಲುಮೆಗಳನ್ನು ಕಂಡು ವರ್ಣಿಸಿದ್ದಾನೆ. ಅವನ ಪ್ರವಾಸ ಗ್ರಂಥ 1807ರಲ್ಲಿ ಪ್ರಕಟವಾಯಿತು. ಮತ್ತೋಡಿನ ಕುಲುಮೆಗಳಲ್ಲಿ ಹುಟ್ಟುತ್ತಿದ್ದದ್ದು ಹೆಂಗಸರ ಕೈಬಳೆ. ಎಣ್ಣೆಗೆ ಮಣ್ಣಿನ ಗಡಿಗೆ, ತುಪ್ಪಕ್ಕೆ ತೊಗಲಿನ ಸಿದ್ದಿಗೆ, ಮಜ್ಜಿಗೆಗೆ ಮಡಕೆ, ನೀರಿಗೆ ತಾಮ್ರದ ಕೊಡ ಇದ್ದ ನಾಡಿನಲ್ಲಿ ಗಾಜಿನ ಸೀಸೆಗೆ ನಿತ್ಯದ ಕೆಲಸ ಹೆಚ್ಚೇನೂ ಇರಲಿಲ್ಲ. ಆ ಕೆಲಸವನ್ನು ತಂದದ್ದು ಹೊಸ ಪದಾರ್ಥಗಳು: ಆಸ್ಪತ್ರೆಯ ಔಷಧ, ಬರೆಯುವ ಇಂಕು, ವಿಲಾಯಿತಿ ಮದ್ಯ, ಮತ್ತು ಸೋಡಾ.

ಸೋಡಾದ ಹಿಂದಿನ ವಿಜ್ಞಾನ 18ನೆಯ ಶತಮಾನದ್ದು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ತಯಾರಿಕೆಯ ತೊಟ್ಟಿಗಳಿಂದ ಏಳುವ ಅನಿಲವನ್ನು ನೀರಿನಲ್ಲಿ ಕರಗಿಸುವ ಪ್ರಯೋಗ ನಡೆಸಿದ. 1772ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದ. 1783ರಲ್ಲಿ ಜಿನೀವಾದ ಜೇಕಬ್ ಶ್ವೆಪ್ ಅದನ್ನು ವ್ಯಾಪಾರವಾಗಿ ಬೆಳೆಸಿ, ಮುಂದೆ ಲಂಡನ್ನಿಗೆ ಬಂದು ನೆಲೆಸಿದ. ನೀರಿಗೆ ಅನಿಲ ತುಂಬುವುದು ಹೀಗೆ ಸಾಧ್ಯವಾಯಿತು. ತುಂಬಿದ ಅನಿಲವನ್ನು ಹಿಡಿದಿಡುವುದು ಕಷ್ಟವಾಯಿತು. ಸೀಸೆಯ ಬಾಯಿಗೆ ಹಾಕುವ ಬಿರಡೆ ಒಣಗಿದರೆ ಕುಗ್ಗುತ್ತದೆ. ಕುಗ್ಗಿದ ಸಂದಿನಿಂದ ಅನಿಲ ಹೊರಟುಹೋಗುತ್ತದೆ. ಅಥವಾ ಒಳಗಿನ ಒತ್ತಡಕ್ಕೆ ಬಿರಡೆಯೇ ಹಾರಿಹೋಗುತ್ತದೆ. 1809ರ ಪೇಟೆಂಟಿನೊಂದಿಗೆ ಹ್ಯಾಮಿಲ್ಟನ್ ಎಂಬವನ ಹೆಸರಿನಲ್ಲಿ ಪ್ರಸಿದ್ಧವಾದ ಮೊಟ್ಟೆಯಾಕಾರದ ಸೀಸೆ ಇದಕ್ಕೆ ಒಂದು ಉತ್ತರ. ಅದರ ತಳ ದುಂಡು. ನಿಲ್ಲಿಸಲು ಬರುವುದಿಲ್ಲ, ಮಲಗಿಸಿಯೇ ಇಡಬೇಕು. ಮಲಗಿದ ಸೀಸೆಯಲ್ಲಿ ನೀರು ಸದಾ ಬಿರಡೆಯನ್ನು ತೋಯಿಸುತ್ತಿರುವುದರಿಂದ ಅದು ಒಣಗುವುದಿಲ್ಲ. ಇಂದು ಸಂಗ್ರಾಹಕರು ವಿಚಿತ್ರವೆಂದು ಕೊಳ್ಳುವ ಆ ಆಕಾರದ ಹಿಂದೆ ಇದ್ದದ್ದು ಬಿರಡೆಯ ಈ ಸಮಸ್ಯೆ.

ಇನ್ನೊಂದು ಉತ್ತರವನ್ನು ಕೊಟ್ಟವನು ಹಿರಮ್ ಕಾಡ್. 1838ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಹುಟ್ಟಿದ ಈ ಎಂಜಿನಿಯರ್ 1870ರ ದಶಕದ ಆರಂಭದಲ್ಲಿ ಹಲವು ಪ್ರಯೋಗಗಳನ್ನು ನಡೆಸಿ, 1872ರಲ್ಲಿ ತನ್ನ ಸೀಸೆಯ ಪೂರ್ಣ ರೂಪಕ್ಕೆ ಪೇಟೆಂಟು ಪಡೆದ. ಬಿರಡೆಯನ್ನೇ ಕೈಬಿಟ್ಟದ್ದು ಅವನ ಸೀಸೆಯ ವೈಶಿಷ್ಟ್ಯ. ಸೀಸೆಯ ಕತ್ತಿನೊಳಗೆ ಒಂದು ಗಾಜಿನ ಗೋಲಿ; ಬಾಯಂಚಿನ ಒಳಬದಿಯ ಕಚ್ಚಿನಲ್ಲಿ ಒಂದು ರಬ್ಬರ್ ಉಂಗುರ. ಸೀಸೆಯನ್ನು ತಲೆಕೆಳಗು ಮಾಡಿ ಅನಿಲದ ನೀರನ್ನು ತುಂಬಿದಾಗ ಗೋಲಿ ಬಾಯಿಯ ಕಡೆಗೆ ಜಾರಿ ಉಂಗುರದ ಮೇಲೆ ಕೂರುತ್ತದೆ. ಆಮೇಲೆ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದರೂ ಒಳಗಿನ ಅನಿಲವೇ ಗೋಲಿಯನ್ನು ಒತ್ತಿ ಹಿಡಿದಿರುತ್ತದೆ. ಯಾವ ಒತ್ತಡ ಬಿರಡೆಯನ್ನು ಹಾರಿಸುತ್ತಿತ್ತೋ ಅದೇ ಒತ್ತಡ ಇಲ್ಲಿ ಬಾಯಿಯನ್ನು ಮುಚ್ಚುತ್ತದೆ. ಹೆಬ್ಬೆರಳಿನಿಂದಲೋ ಮರದ ಒತ್ತುಗೊರಡಿನಿಂದಲೋ ಗೋಲಿಯನ್ನು ಒಳಕ್ಕೆ ತಳ್ಳಿದರೆ ಸದ್ದಿನೊಂದಿಗೆ ಅನಿಲ ಹೊರಡುತ್ತದೆ. ಕತ್ತಿನ ಇಕ್ಕಟ್ಟು ಗೋಲಿಯನ್ನು ಹೊಟ್ಟೆಗೆ ಬೀಳಗೊಡುವುದಿಲ್ಲ. ಬಗ್ಗಿಸಿ ಕುಡಿಯುವಾಗ ಅದು ಮತ್ತೆ ಬಾಯಿಗೆ ಉರುಳಿ ಬರದಂತೆ ಕತ್ತಿನ ಒಂದು ಬದಿಯಲ್ಲಿ ಎರಡು ತಗ್ಗುಗಳಿರುತ್ತವೆ. ಸೀಸೆಯನ್ನು ಯಾವ ಬದಿಗೆ ಬಗ್ಗಿಸಬೇಕೆಂಬುದನ್ನು ಸೋಡಾ ಕುಡಿಯುವ ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿಯುತ್ತಿದ್ದರು.

ಕಾಡ್ ತನ್ನ ಸೀಸೆಯನ್ನು ಇತರರು ಬಳಸಲು ಪರವಾನಗಿ ಕೊಟ್ಟು ಶುಲ್ಕ ಪಡೆಯುತ್ತಿದ್ದ. ಯಾರ್ಕ್‌ಷೈರಿನ ಬಾರ್ನ್ಸ್ಲಿಯ ಗಾಜಿನ ಕಾರ್ಖಾನೆಯ ಬೆನ್ ರೈಲಂಡ್ಸ್ ಅವನ ಪಾಲುದಾರನಾದ. 1887ರಲ್ಲಿ ಕಾಡ್ ತೀರಿಕೊಂಡಾಗ ಅವನಿಗೆ ಐವತ್ತು ವರ್ಷವೂ ತುಂಬಿರಲಿಲ್ಲ. ಆದರೆ ಅವನ ಸೀಸೆ ಬ್ರಿಟನ್ನಿನ ಗಡಿ ದಾಟಿ ಏಷ್ಯಾ, ಆಸ್ಟ್ರೇಲಿಯಾಗಳಿಗೆ ಹರಡಿತು. ಜಪಾನಿನಲ್ಲಿ 'ಲೆಮನೇಡ್' ಎಂಬ ಮಾತು 'ರಾಮುನೆ' ಎಂದಾಗಿ ಈ ಸೀಸೆಯ ಪಾನೀಯಕ್ಕೆ ಹೆಸರಾಯಿತು. ದೆಹಲಿಯ ಕಡೆ ಗೋಲಿಯನ್ನು ಹೇಳುವ 'ಬಂಟಾ' ಎಂಬ ಮಾತೇ ಸೋಡಾದ ಹೆಸರಾಯಿತು. ಕನ್ನಡದಲ್ಲಿ ಅದು 'ಗೋಲಿ ಸೋಡಾ'. ಒತ್ತಡ ತಡೆಯಲೆಂದು ದಪ್ಪನಾಗಿ ಮಾಡಿದ ಅದರ ಗಾಜು ಕನ್ನಡಕ್ಕೆ ಇನ್ನೂ ಒಂದು ಮಾತನ್ನು ಕೊಟ್ಟಿತು. ದಪ್ಪ ಗಾಜಿನ ಕನ್ನಡಕ ಹಾಕಿದವರನ್ನು 'ಸೋಡಾಬುಡ್ಡಿ' ಎಂದು ಹಾಸ್ಯ ಮಾಡುವ ರೂಢಿ, ಆ ಸೀಸೆಯನ್ನು ಕೈಯಲ್ಲಿ ಹಿಡಿದೇ ನೋಡದ ತಲೆಮಾರಿನಲ್ಲಿಯೂ ಉಳಿದಿದೆ.

ಇಂತಹ ಸೀಸೆಯೊಂದು ಕೈಗೆ ಬಂದಾಗ ಅದರ ಕಾಲವನ್ನು ನಿರ್ಣಯಿಸುವ ಬಗೆ ಹೇಗೆ? ಶಾಸನದ ಲಿಪಿ ಲಕ್ಷಣವನ್ನು ಪರಿಶೀಲಿಸುವಂತೆಯೇ ಇಲ್ಲಿಯೂ ಒಂದು ಕ್ರಮವಿದೆ. ಮೊದಲನೆಯದು ಜೋಡುಗೆರೆ. ಅಚ್ಚಿನ ಭಾಗಗಳು ಕೂಡುವಲ್ಲಿ ಗಾಜಿನ ಮೇಲೆ ತೆಳುವಾದ ಗೆರೆ ಏಳುತ್ತದೆ. ಊದುಗೊಳವೆಯಿಂದ ಅಚ್ಚಿನೊಳಗೆ ಊದಿ, ಬಾಯಂಚನ್ನು ಆಮೇಲೆ ಕೈಯಿಂದ ರೂಪಿಸಿದ ಸೀಸೆಯಲ್ಲಿ ಈ ಗೆರೆ ಬಾಯಂಚಿಗಿಂತ ಕೆಳಗೇ ಅಳಿಸಿಹೋಗಿರುತ್ತದೆ. ಯಂತ್ರದಲ್ಲಿ ತಯಾರಾದ ಸೀಸೆಯಲ್ಲಿ ಅದು ಬಾಯಿಯ ಅಂಚಿನವರೆಗೂ ಹತ್ತುತ್ತದೆ. ಅಮೆರಿಕದ ಮೈಕೆಲ್ ಓವೆನ್ಸ್ ರೂಪಿಸಿದ ಸ್ವಯಂಚಾಲಿತ ಯಂತ್ರ 20ನೆಯ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂತು. ಹಾಗಾಗಿ ಈ ಗೆರೆ ಒಂದು ಕಾಲಸೂಚಕ. ಎರಡನೆಯದು ತಳ. ಬಿಸಿ ಸೀಸೆಯನ್ನು ಕಬ್ಬಿಣದ ಸಲಾಕೆಗೆ ಅಂಟಿಸಿ ಹಿಡಿದು ಬಾಯಿ ತಿದ್ದುತ್ತಿದ್ದ ಹಳೆಯ ಪದ್ಧತಿಯಲ್ಲಿ, ಸಲಾಕೆ ಬಿಡಿಸಿದ ಕಡೆ ಒರಟು ಗಾಯ ಉಳಿಯುತ್ತಿತ್ತು. 19ನೆಯ ಶತಮಾನದ ನಡುಭಾಗದ ನಂತರ ಈ ಪದ್ಧತಿ ಹಿಂದೆ ಸರಿಯಿತು. ಮೂರನೆಯದು ಬಣ್ಣ. ಗೋಲಿ ಸೀಸೆಯ ತಿಳಿಹಸಿರು ನೀಲಿ ಬಣ್ಣ ಯಾರೂ ಬೇಕೆಂದು ಬೆರೆಸಿದ್ದಲ್ಲ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ತಾನಾಗಿ ಬಂದದ್ದು. ನಾಲ್ಕನೆಯದು ಉಬ್ಬಕ್ಷರ. ತಯಾರಕನ ಹೆಸರು, ಊರು, 'ಪೇಟೆಂಟ್' ಎಂಬ ಮಾತು ಹಲವು ಸೀಸೆಗಳ ಮೈಮೇಲೆ ಅಚ್ಚಿನಲ್ಲಿಯೇ ಮೂಡಿರುತ್ತವೆ.

ಈ ಲಕ್ಷಣಗಳು ಉಪಯುಕ್ತವಾದರೂ ಅಪಾಯವಿಲ್ಲದವಲ್ಲ. 1872ರ ಪೇಟೆಂಟಿನ ಉಲ್ಲೇಖವಿರುವ ಸೀಸೆ 1872ರದೇ ಎಂದು ಹೇಳುವುದು, ಹಿಂದಿನ ಅರಸನ ಹೆಸರು ಬಂದಿರುವ ಮಾತ್ರಕ್ಕೆ ಶಾಸನ ಅವನ ಕಾಲದ್ದೆಂದು ತೀರ್ಮಾನಿಸಿದಂತೆ. ಅದು 1872ಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಖಚಿತ. ಎಷ್ಟು ಮುಂದಿನದು ಎಂಬುದನ್ನು ಇತರ ಲಕ್ಷಣಗಳು ಹೇಳಬೇಕು. ಬಣ್ಣವೂ ಮೋಸ ಮಾಡಬಲ್ಲದು. ಗಾಜಿನ ಹಸಿರು ಛಾಯೆಯನ್ನು ತೊಡೆಯಲು 19ನೆಯ ಶತಮಾನದ ಕೊನೆಯಲ್ಲಿ ಮ್ಯಾಂಗನೀಸ್ ಬೆರೆಸುವ ರೂಢಿ ಹೆಚ್ಚಾಗಿತ್ತು. ಅಂತಹ ಗಾಜು ಬಹುಕಾಲ ಬಿಸಿಲಿಗೆ ಬಿದ್ದರೆ ತಿಳಿನೇರಳೆಗೆ ತಿರುಗುತ್ತದೆ. ಸಂಗ್ರಾಹಕರು ನೇರಳೆಯನ್ನು ಹಳಮೆಯ ಗುರುತೆಂದು ಮೆಚ್ಚತೊಡಗಿದ ಮೇಲೆ, ವಿಕಿರಣಕ್ಕೆ ಒಡ್ಡಿ ಕೃತಕವಾಗಿ ಗಾಢ ನೇರಳೆ ಮಾಡಿದ ಸೀಸೆಗಳು ಮಾರುಕಟ್ಟೆಗೆ ಬಂದವು. ಕಡುನೀಲಿಯ ಗೋಲಿ ಸೀಸೆಗಳು ಅಪರೂಪವಾದ ಕಾರಣ ಅವುಗಳ ಹೊಸ ನಕಲುಗಳೂ ಹುಟ್ಟಿದವು. ಇಂತಹ ಕಡೆ ಉಪಯೋಗಕ್ಕೆ ಬರುವುದು ಸವಕಳಿಯ ಪರೀಕ್ಷೆ. ವರ್ಷಗಟ್ಟಲೆ ಮರದ ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಾಗಿ, ಕಲ್ಲಿನ ಕಟ್ಟೆಯ ಮೇಲೆ ಕುಳಿತೆದ್ದ ಸೀಸೆಯ ತಳದಲ್ಲಿಯೂ ಹೊಟ್ಟೆಯ ಉಬ್ಬಿನಲ್ಲಿಯೂ ದಿಕ್ಕುದೆಸೆಯಿಲ್ಲದ ಗೀರುಗಳಿರುತ್ತವೆ. ಬೇಕೆಂದು ಉಜ್ಜಿ ಮಾಡಿದ ಗೀರು ಒಂದೇ ದಿಕ್ಕಿಗೆ ಓಡುತ್ತದೆ.

ವಸ್ತುವಿಗೆ ಅಂಟಿಕೊಂಡ ಕಥೆಗಳದು ಬೇರೊಂದು ಅಪಾಯ. ಇಂಗ್ಲಿಷಿನಲ್ಲಿ ಅರ್ಥವಿಲ್ಲದ ಮಾತಿಗೆ 'ಕಾಡ್ಸ್‌ವಾಲಪ್' ಎನ್ನುವುದುಂಟು. ಬಿಯರ್ ಕುಡಿಯುವವರು ಕಾಡ್‌ನ ಸೀಸೆಯ ಸಪ್ಪೆ ಪಾನೀಯವನ್ನು ಹಳಿದದ್ದರಿಂದ ಈ ಮಾತು ಬಂತೆಂಬ ಕಥೆ ಸಂಗ್ರಾಹಕರ ವಲಯದಲ್ಲಿ ಬಹಳ ಪ್ರಿಯ. ಆದರೆ ಆ ಮಾತಿನ ದಾಖಲಾದ ಮೊದಲ ಪ್ರಯೋಗ 1959ರದು. ಕಾಡ್ ಸತ್ತು ಎಪ್ಪತ್ತು ವರ್ಷಗಳಾದ ಮೇಲಿನದು. ನಡುವಿನ ಕಾಲದ ಆಧಾರ ಯಾವುದೂ ಇಲ್ಲ. ಕನ್ನಡದಲ್ಲಿಯೂ ಇಂತಹ ತಪ್ಪಿಗೆ ಅವಕಾಶವಿದೆ. ವಿವಾಹ ವಿಚ್ಛೇದನವನ್ನು ಹೇಳುವ 'ಸೋಡಾಚೀಟಿ' ಎಂಬ ಆಡುಮಾತನ್ನು ಕೇಳಿದವರಿಗೆ ಸೋಡಾದ ನೆನಪಾಗುವುದು ಸಹಜ. ಅದು ಬಿಡುವುದು ಎಂಬರ್ಥದ ಮರಾಠಿಯ 'ಸೋಡ್' ಧಾತುವಿನಿಂದ ಬಂದ 'ಸೋಡಚೀಟಿ'; ಸೀಸೆಗೂ ಅದಕ್ಕೂ ಸಂಬಂಧವಿಲ್ಲ. ಕಿವಿಗೆ ಹಿತವಾದ ಹೋಲಿಕೆ ಆಧಾರವಾಗುವುದಿಲ್ಲ ಎಂಬ ಶಬ್ದಶಾಸ್ತ್ರದ ಪಾಠ ವಸ್ತುಗಳ ಚರಿತ್ರೆಗೂ ಸಲ್ಲುತ್ತದೆ.

ಸೀಸೆಯ ಅಧ್ಯಯನದಲ್ಲಿ ಇನ್ನೂ ಮುಖ್ಯವಾದ ಒಂದು ತೊಡಕಿದೆ. ಸೀಸೆಗೆ ಒಂದು ಕಾಲವಲ್ಲ, ಹಲವು ಕಾಲಗಳು. ತಯಾರಾದ ಕಾಲ ಒಂದು, ತುಂಬಿದ ಕಾಲ ಇನ್ನೊಂದು, ಬೇರೆ ಕೆಲಸಕ್ಕೆ ಬಳಕೆಯಾದ ಕಾಲ ಮತ್ತೊಂದು, ಬಿಸಾಡಿದ ಕಾಲ ಮಗದೊಂದು. ಬ್ರಿಟನ್ನಿನಲ್ಲಿ ಕೊನೆಯ ಕಾಲವನ್ನು ನೆಲವೇ ಕಾದುಕೊಂಡಿತ್ತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯಿಂದ ಪಟ್ಟಣಗಳ ಕಸ ಸಾಗಣೆಗೆ ಬಲ ಬಂದು, ಊರಾಚೆಯ ತಿಪ್ಪೆಗಳಲ್ಲಿ ಕಲ್ಲಿದ್ದಲ ಬೂದಿಯೊಡನೆ ಸೀಸೆಗಳು ಪದರ ಪದರವಾಗಿ ಹೂತುಹೋದವು. 1970ರ ದಶಕದಲ್ಲಿ ಆ ತಿಪ್ಪೆಗಳನ್ನು ಅಗೆದು ಸೀಸೆ ತೆಗೆಯುವ ಹವ್ಯಾಸ ಅಲ್ಲಿ ಭರದಿಂದ ಬೆಳೆಯಿತು. ಇತ್ತ ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನಲ್ಲಿ ಐವರ್ ನೋಯಲ್ ಹ್ಯೂಮ್ ಅವರಂತಹ ಪುರಾತತ್ತ್ವಜ್ಞರು ಉತ್ಖನನದಲ್ಲಿ ದೊರೆತ ಮದ್ಯದ ಸೀಸೆಗಳ ಆಕಾರ ವ್ಯತ್ಯಾಸದಿಂದಲೇ ವಸಾಹತುಗಳ ನೆಲೆಗಳಿಗೆ ಕಾಲ ನಿರ್ಣಯಿಸಿ ತೋರಿಸಿದರು. ಹವ್ಯಾಸಿಯೂ ವಿದ್ವಾಂಸನೂ ಅಗೆದದ್ದು ಒಂದೇ ಬಗೆಯ ವಸ್ತುವನ್ನು. ಒಬ್ಬನಿಗೆ ಸೀಸೆ ಮಾತ್ರ ಬೇಕಾಗಿತ್ತು. ಇನ್ನೊಬ್ಬನಿಗೆ ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದು ಬೇಕಾಗಿತ್ತು.

ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಸೀಸೆಯನ್ನು ಸುಮ್ಮನೆ ಬಿಸಾಡುವವರೇ ವಿರಳರಾಗಿದ್ದರು. ಖಾಲಿಯಾದ ಇಂಕಿನ ಸೀಸೆಯ ಮುಚ್ಚಳಕ್ಕೆ ತೂತು ಕೊರೆದು, ಬತ್ತಿ ಇಳಿಬಿಟ್ಟು, ಸೀಮೆಎಣ್ಣೆ ತುಂಬಿದರೆ ಅದು ಬುಡ್ಡಿದೀಪ. ಸರ್ಕಾರಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಸೀಸೆ ಒಯ್ಯಬೇಕಾಗಿತ್ತು. ಕಂಪೌಂಡರು ಅದಕ್ಕೆ ಔಷಧ ಹುಯ್ದು, ಒಂದು ಹೊತ್ತಿಗೆ ಎಷ್ಟೆಂಬುದನ್ನು ತೋರಿಸುವ ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಪಕ್ಕೆಗೆ ಅಂಟಿಸಿ ಕೊಡುತ್ತಿದ್ದರು. ಬ್ರಾಂದಿಯ ಸೀಸೆ ಜೇನಿಗೋ ಹರಳೆಣ್ಣೆಗೋ ಒದಗುತ್ತಿತ್ತು. ಗೋಲಿ ಸೀಸೆಯಂತೂ ಕೊಂಡವನದಾಗುತ್ತಲೇ ಇರಲಿಲ್ಲ. ಅಂಗಡಿಯ ಮುಂದೆ ನಿಂತು ಕುಡಿದು ಹಿಂದಕ್ಕೆ ಕೊಡಬೇಕು. ಹೀಗೆ ಇಂಗ್ಲೆಂಡಿನ ಸೀಸೆ ನೆಲದಲ್ಲಿ ಉಳಿದರೆ ಇಲ್ಲಿನ ಸೀಸೆ ಜನರ ಕೈಯಲ್ಲಿ ಉಳಿಯಿತು. ಅಲ್ಲಿ ಮಣ್ಣಿನ ಪದರ ಒದಗಿಸುವ ಸಾಕ್ಷ್ಯವನ್ನು ಇಲ್ಲಿ ಮನುಷ್ಯರ ನೆನಪು ಒದಗಿಸಬೇಕು. ಕನ್ನಡ ನಾಡಿನ ಸೀಸೆಯ ಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಮೂಲ ಸಂಗತಿ ಇದು.

ಗೋಲಿ ಸೋಡಾ ಇಲ್ಲಿ ನೂರು ವರ್ಷಕ್ಕೂ ಮೀರಿ ಬಾಳಿದ್ದಕ್ಕೂ ಇದೇ ಮರುಬಳಕೆಯ ಗುಣ ಕಾರಣ. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ತಗಡಿನ ಮುಚ್ಚಳಕ್ಕೆ ಪೇಟೆಂಟು ಪಡೆದ ಮೇಲೆ ಪಶ್ಚಿಮದಲ್ಲಿ ಕಾಡ್‌ನ ಸೀಸೆ ಕ್ರಮೇಣ ಹಿಂದೆ ಸರಿಯಿತು. ತಗಡಿನ ಮುಚ್ಚಳ ಒಂದು ಬಾರಿ ತೆಗೆದರೆ ಮುಗಿಯಿತು. ಪ್ರತಿ ಸೀಸೆಗೂ ಪ್ರತಿ ಬಾರಿಯೂ ಹೊಸದು ಬೇಕು. ಗೋಲಿ ಸೀಸೆಗೆ ಮುಚ್ಚಳದ ಖರ್ಚಿಲ್ಲ. ರಬ್ಬರ್ ಉಂಗುರ ಸವೆದರೆ ಬದಲಾಯಿಸಿದರಾಯಿತು. ಕೈಯಿಂದ ತಿರುಗಿಸುವ ಕಬ್ಬಿಣದ ಪಂಜರದಂತಹ ಯಂತ್ರ, ಅನಿಲದ ಸಿಲಿಂಡರು, ಬಾವಿಯ ನೀರು, ಕೆಲವು ಪೆಟ್ಟಿಗೆ ಸೀಸೆ ಇವಿಷ್ಟಿದ್ದರೆ ಸಣ್ಣ ಊರಿನ ಹಿತ್ತಿಲಿನಲ್ಲಿಯೂ 'ಸೋಡಾ ಫ್ಯಾಕ್ಟರಿ' ನಡೆಯುತ್ತಿತ್ತು. ಮೊದಲಿಗೆ ದಂಡುಪ್ರದೇಶದ ಯುರೋಪಿಯನ್ನರ ಮದ್ಯಕ್ಕೆ ಬೆರಕೆಯಾಗಿದ್ದ ಸೋಡಾ, ಈ ಸಣ್ಣ ಬಂಡವಾಳದವರ ಮೂಲಕ ಸಂತೆ, ಜಾತ್ರೆ, ಬಸ್ ನಿಲ್ದಾಣ, ಟೂರಿಂಗ್ ಟಾಕೀಸುಗಳನ್ನು ತಲುಪಿತು. ನಿಂಬೆ, ಶುಂಠಿಗಳ ರುಚಿ ಪಡೆದು ಅಜೀರ್ಣದ ಮನೆಮದ್ದೂ ಆಯಿತು. ಬೀದಿ ಜಗಳಗಳಲ್ಲಿ ಅದೇ ಸೀಸೆ ಆಯುಧವಾದದ್ದೂ ಉಂಟು. 1990ರ ದಶಕದಲ್ಲಿ ಬಹುರಾಷ್ಟ್ರೀಯ ಪಾನೀಯಗಳೂ ಪ್ಲಾಸ್ಟಿಕ್ ಬಾಟಲಿಗಳೂ ಊರೂರಿಗೆ ಹೊಕ್ಕ ಮೇಲೆ ಈ ಸಣ್ಣ ಉದ್ಯಮಗಳು ಒಂದೊಂದಾಗಿ ನಿಂತವು. ಪೆಟ್ಟಿಗೆಗಳೊಡನೆ ಸೀಸೆಗಳು ಗುಜರಿಗೆ ಹೋದವು. ಈಚೆಗೆ ಹೊಸ ಕಂಪನಿಗಳು ಗೋಲಿ ಸೋಡಾವನ್ನು ಮತ್ತೆ ಮಾರುಕಟ್ಟೆಗೆ ತಂದಿವೆಯಾದರೂ ನಿಂತುಹೋದ ಊರ ಫ್ಯಾಕ್ಟರಿಗಳ ನೆನಪು ಅದರಿಂದ ಮರಳುವುದಿಲ್ಲ.

ಈ ಸೋಡಾ ಫ್ಯಾಕ್ಟರಿಗಳಿಗೆ ಶಾಸನವಿಲ್ಲ, ಚರಿತ್ರೆಯ ಗ್ರಂಥಗಳಲ್ಲಿ ಅವುಗಳಿಗೆ ಅಧ್ಯಾಯವೂ ಇಲ್ಲ. ಅನೇಕ ಕಡೆ ಅವು ಇದ್ದದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯವೆಂದರೆ ಸೀಸೆಯ ಮೈಮೇಲಿನ ಉಬ್ಬಕ್ಷರ. ಅದನ್ನೂ ಎಚ್ಚರದಿಂದ ಓದಬೇಕು. ಮದರಾಸಿನ ಹೆಸರಿರುವ ಸೀಸೆ ಶಿವಮೊಗ್ಗದ ಸಂತೆಯಲ್ಲಿ ಸಿಕ್ಕಿತೆಂದರೆ ಮದರಾಸಿನ ಕಂಪನಿ ಶಿವಮೊಗ್ಗದಲ್ಲಿ ವ್ಯಾಪಾರ ಮಾಡುತ್ತಿತ್ತೆಂದು ಅರ್ಥವಲ್ಲ. ಹಳೆಯ ಸೀಸೆಗಳನ್ನು ಕೊಂಡ ಸ್ಥಳೀಯನೊಬ್ಬ ತನ್ನ ಸೋಡಾವನ್ನು ಅದರಲ್ಲಿ ತುಂಬಿರಬಹುದು. ಇದನ್ನು ಬಿಡಿಸಿ ಹೇಳಬಲ್ಲವರು ಆ ಯಂತ್ರ ತಿರುಗಿಸಿದವರು, ಪೆಟ್ಟಿಗೆಗಳನ್ನು ಸೈಕಲ್ಲಿಗೆ ಕಟ್ಟಿ ಹಳ್ಳಿಗಳಿಗೆ ಒಯ್ದವರು, ಅವರ ಮನೆಯವರು. ಊರ ಹೊರಗಿನ ಹೊಲದಿಂದ ದೇಗುಲದ ಅಂಗಳಕ್ಕೆ ಸಾಗಿಸಿದ ವೀರಗಲ್ಲಿನ ಅಕ್ಷರಗಳನ್ನು ಈಗಲೂ ಓದಬಹುದು; ಆದರೆ ವೀರ ಬಿದ್ದ ನೆಲ ಯಾವುದೆಂಬುದು ಸಾಗಿಸಿದವರೊಂದಿಗೇ ಹೋಗಿಬಿಡುತ್ತದೆ. ಬೀರು ಸೇರಿದ ಸೀಸೆಯ ಸ್ಥಿತಿಯೂ ಇದೇ.

ಕಾನೂನಿನಿಂದ ಇದಕ್ಕೆ ಹೆಚ್ಚಿನ ನೆರವು ನಿರೀಕ್ಷಿಸುವಂತಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆ ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1940ರಲ್ಲಿಯೋ 1960ರಲ್ಲಿಯೋ ಬಳಕೆಯಲ್ಲಿದ್ದ ಸೋಡಾ ಸೀಸೆ ನೂರು ತುಂಬುವವರೆಗೆ ಕಾದರೆ, ಅದನ್ನು ಬಲ್ಲವರು ಯಾರೂ ಉಳಿದಿರುವುದಿಲ್ಲ. ಆದುದರಿಂದ ಹೊಣೆ ಬೀಳುವುದು ಸಂಗ್ರಾಹಕರ ಮೇಲೆ, ಕಾಲೇಜುಗಳ ಇತಿಹಾಸ ಮತ್ತು ಜಾನಪದ ವಿಭಾಗಗಳ ಮೇಲೆ. ಕೆಲಸ ದೊಡ್ಡದೇನಲ್ಲ. ಸೀಸೆ ಸಿಕ್ಕ ಊರು, ದಿನ, ಕೊಟ್ಟವರು ಅದರ ಬಗ್ಗೆ ಹೇಳಿದ ಮಾತು, ಎತ್ತರ, ತೂಕ, ಜೋಡುಗೆರೆ ನಿಲ್ಲುವ ಜಾಗ, ತಳದ ಗುರುತು, ಉಬ್ಬಕ್ಷರದ ಪಡಿಯಚ್ಚು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸೀಸೆಯೊಡನೆ ಇಡಬೇಕು. ಶಾಸನಗಳಿಗೆ ಪಡಿಯಚ್ಚು ತೆಗೆಯುವ ವಿಧಾನ, ಕಾಗದವೊತ್ತಿ ಮಸಿ ತಟ್ಟುವುದು, ಗಾಜಿನ ಉಬ್ಬಕ್ಷರಕ್ಕೂ ನಡೆಯುತ್ತದೆ. ತೊಳೆಯುವ ಮೊದಲು ಒಳಗೆ ಅಂಟಿರುವುದೇನೆಂದು ನೋಡಬೇಕು. ಸೀಮೆಎಣ್ಣೆಯ ಕಲೆ, ಹರಿದ ಕಾಗದದ ಪಟ್ಟಿ, ಬತ್ತಿಯ ಕರಿ ಇವೆಲ್ಲ ಆ ಸೀಸೆಯ ಎರಡನೆಯ ಬಾಳಿನ ದಾಖಲೆಗಳು. ಸಂಗ್ರಾಹಕ ಕೊಳೆಯೆಂದು ತೆಗೆಯುವುದರಲ್ಲಿ ಸಂಶೋಧಕನಿಗೆ ಬೇಕಾದದ್ದು ಇರಬಹುದು.

ಕಾಡ್‌ನ ಸೀಸೆಗಳು ಇಂಗ್ಲೆಂಡಿನಲ್ಲಿ ಇಡಿಯಾಗಿ ಸಿಗುವುದು ಕಡಿಮೆಯಾಗಲು ಒಂದು ಕಾರಣವನ್ನು ಎಲ್ಲರೂ ಹೇಳುತ್ತಾರೆ: ಮಕ್ಕಳು ಗೋಲಿಯ ಆಸೆಗೆ ಸೀಸೆ ಒಡೆಯುತ್ತಿದ್ದರು. ಬಾಯಂಚನ್ನು ಕಿರಿದಾಗಿಸುವ ಮೊದಲೇ ಒಳಗೆ ಬಿಟ್ಟ ಗೋಲಿಯಾದ್ದರಿಂದ ಒಡೆಯದೆ ಅದು ಹೊರಬರುವಂತಿಲ್ಲ. ಕನ್ನಡ ನಾಡಿನ ಮಕ್ಕಳೂ ಅದನ್ನೇ ಮಾಡಿದ್ದಾರೆ. ಗೋಲಿಯೊಂದನ್ನೇ ಬಯಸಿದ ಮಕ್ಕಳ ಕೈಗೆ ಗೋಲಿಯಾದರೂ ಸಿಕ್ಕಿತು. ಸೀಸೆಯೊಂದನ್ನೇ ಬಯಸುವ ಸಂಗ್ರಾಹಕನೂ ಸೀಸೆಯನ್ನು ಪಡೆಯುತ್ತಾನೆ. ಆದರೆ ಅದನ್ನು ತುಂಬಿದ ಕೈ ಯಾರದು, ಅದು ನಿಂತಿದ್ದ ಅಂಗಡಿ ಯಾವ ಊರಿನದು ಎಂದು ಮುಂದೊಂದು ದಿನ ಯಾರಾದರೂ ಕೇಳಿದರೆ, ಆ ಸೀಸೆಯೊಡನೆ ಒಂದು ಹಾಳೆ ಇದ್ದರೆ ಮಾತ್ರ ಉತ್ತರ ದೊರೆತೀತು.